ಸಮ್ಮಿಲನಶಕ್ತಿಯ ಸಂಶೋಧನೆಯೂ ರಾಜದ್ರವ್ಯವೂ: ಒಂದು ಫಲಶ್ರುತಿವಿಮರ್ಶೆ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿಗೆ ಸೇರಿದ ಗುಡಗೇರಿಯು ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲುಮಾರ್ಗದ ಒಂದು ಸಣ್ಣ ನಿಲ್ದಾಣ. ಎರೆಯ ಹೊಲಗಳ ನಡುವಣ ಈ ಊರಿನ ಹೆಸರು ವಿದ್ವಾಂಸರಿಗೆ ಪರಿಚಿತವಾದುದು ಅಲ್ಲಿಯ ಜೈನಶಾಸನವೊಂದರಿಂದ. ಶಕವರ್ಷ ೯೯೮ರ, ಎಂದರೆ ಕ್ರಿ. ಶ. ೧೦೭೬ರ ಆ ಶಾಸನವನ್ನು ಜೆ. ಎಫ್. ಫ್ಲೀಟರು ‘ಇಂಡಿಯನ್ ಆಂಟಿಕ್ವರಿ’ಯ ಹದಿನೆಂಟನೆಯ ಸಂಪುಟದಲ್ಲಿ (೧೮೮೯) ಪ್ರಕಟಿಸಿದರು. ಪುರಿಗೆರೆಯ, ಎಂದರೆ ಈಗಿನ ಲಕ್ಷ್ಮೇಶ್ವರದ, ಆನೆಸೆಜ್ಜೆಯ ಬಸದಿಗೆ ಸೇರಿದ ಗುಡಿಗೆರೆಯ ಭೂಮಿಯನ್ನು ಶ್ರೀನಂದಿಪಂಡಿತನೆಂಬ ಆಚಾರ್ಯನು ತಾಮ್ರಶಾಸನದ ಆಧಾರದಿಂದ ಪಡೆದನೆಂಬುದು ಅದರ ಮುಖ್ಯ ವಿಷಯ. ಆ ಬಸದಿಯನ್ನು ಕಟ್ಟಿಸಿದವಳು ಬಾದಾಮಿಯ ಚಾಲುಕ್ಯ ಚಕ್ರವರ್ತಿ ವಿಜಯಾದಿತ್ಯನ ತಂಗಿಯಾದ ಕುಂಕುಮಮಹಾದೇವಿ. ವಿಜಯಾದಿತ್ಯನ ಆಳಿಕೆ ಎಂಟನೆಯ ಶತಮಾನದ ಮೊದಲ ಭಾಗಕ್ಕೆ ಸೇರಿದುದು. ಆ ಮನೆತನ ಬಿದ್ದು, ರಾಷ್ಟ್ರಕೂಟರು ಬಂದು ಹೋಗಿ, ಕಲ್ಯಾಣದ ಚಾಲುಕ್ಯರು ಸಿಂಹಾಸನವೇರಿ ನೂರು ವರ್ಷ ಕಳೆದ ಮೇಲೂ ರಾಜಕುಮಾರಿಯೊಬ್ಬಳ ಧರ್ಮಕಾರ್ಯಕ್ಕೆ ಸೇರಿದ ಹೊಲವು ಅದೇ ಧರ್ಮಕ್ಕೆ ಸಲ್ಲುತ್ತಿತ್ತು. ಸುಮಾರು ಮುನ್ನೂರೈವತ್ತು ವರ್ಷಗಳ ಈ ಬಾಳಿಕೆಗೆ ಕಾರಣವಾದುದು ದಾನದ ದೊಡ್ಡತನವಲ್ಲ. ಯಾರಿಂದ, ಯಾರಿಗೆ, ಎಷ್ಟು, ಎಲ್ಲಿಂದ ಎಲ್ಲಿಯ ವರೆಗೆ, ಯಾವ ಕಾರ್ಯಕ್ಕೆ ಎಂಬುದನ್ನು ಲಿಖಿತದಲ್ಲಿ ನಿಲ್ಲಿಸಿದ ಪದ್ಧತಿ.

ಇಂಥ ದೀರ್ಘಕಾಲದ ದಾನದ ಪ್ರಶ್ನೆಯೊಂದು ಈಗ ಪರಮಾಣುವಿಜ್ಞಾನದ ಕ್ಷೇತ್ರದಲ್ಲಿ ಎದ್ದಿರುವುದು. ಜಲಜನಕದ ಭಾರವಾದ ಎರಡು ರೂಪಗಳನ್ನು ಒಂದುಗೂಡಿಸಿ ಶಕ್ತಿಯನ್ನು ಪಡೆಯುವ ಸಂಶೋಧನೆಗೆ, ಅಂದರೆ ಪಠ್ಯಪುಸ್ತಕಗಳಲ್ಲಿ ‘ಬೈಜಿಕ ಸಮ್ಮಿಲನ’ವೆಂದು ಕರೆಯುವ ಕಾರ್ಯಕ್ಕೆ, ಲೋಕದ ಸರಕಾರಗಳು ಎಪ್ಪತ್ತು ವರ್ಷಗಳಿಂದ ಪ್ರಜೆಗಳ ಹಣವನ್ನು ಕೊಡುತ್ತ ಬಂದಿವೆ. ಆ ಶಕ್ತಿಯಿಂದ ಇಂದಿನ ವರೆಗೆ ಒಂದು ಮನೆಯ ದೀಪವೂ ಹೊತ್ತಿಲ್ಲ. ಕೊಡುವುದು ಯುಕ್ತವೋ ಅಯುಕ್ತವೋ ಎಂಬ ವಾದವನ್ನು ಭೌತಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ತಮ್ಮ ತಮ್ಮ ರೀತಿಯಲ್ಲಿ ನಡೆಸಿದ್ದಾರೆ. ಹಣವನ್ನು ಕೇಳುವವರ ಮಾತು ಹೇಗಿದೆ, ಅದರಲ್ಲಿ ಯಾವುದು ವಿಧಿ, ಯಾವುದು ಅರ್ಥವಾದ, ಎಲ್ಲಿ ಅಲಂಕಾರವು ಪ್ರಮಾಣದ ಸ್ಥಾನವನ್ನು ಆಕ್ರಮಿಸಿದೆ ಎಂಬುದು ಮಾತ್ರ ಸಾಹಿತ್ಯವಿಮರ್ಶೆಗೆ ಸೇರಿದ ವಿಷಯ. ಆ ಭಾಗ ಇನ್ನೂ ಪರೀಕ್ಷೆಗೆ ಒಳಗಾಗಬೇಕಾಗಿದೆ.

ಮೊದಲು ಶಬ್ದ. ‘ಸಮ್ಮಿಲನ’ವೆಂದರೆ ಕೂಡುವುದು, ಭೇಟಿಯಾಗುವುದು. ಕೂಡಿದವರು ಮತ್ತೆ ಅಗಲಬಹುದು. ಬೆರೆತರೂ ತಮ್ಮತನವನ್ನು ಉಳಿಸಿಕೊಳ್ಳಬಹುದು. ಪ್ರಕೃತದಲ್ಲಿ ನಡೆಯುವುದು ಹಾಗಲ್ಲ. ಡ್ಯೂಟೀರಿಯಮ್ ಮತ್ತು ಟ್ರಿಷಿಯಮ್ ಎಂಬ ಎರಡು ಬೀಜಗಳು ತಮ್ಮ ರೂಪವನ್ನು ಕಳೆದುಕೊಂಡು ಹೀಲಿಯಮ್ ಎಂಬ ಮೂರನೆಯದು ಹುಟ್ಟುತ್ತದೆ. ಒಂದು ನ್ಯೂಟ್ರಾನ್ ಹೊರಕ್ಕೆ ಚಿಮ್ಮುತ್ತದೆ. ತೂಕದಲ್ಲಿ ಅತ್ಯಲ್ಪವಾದ ಒಂದಂಶ ಕಡಿಮೆಯಾಗಿ ಅದೇ ಶಕ್ತಿಯಾಗಿ ಪರಿಣಮಿಸುತ್ತದೆ. ಹಿಂದಿಯವರು ಬಳಸುವ ‘ಸಂಲಯನ’ವು ಅರ್ಥಕ್ಕೆ ಹೆಚ್ಚು ಸಮೀಪ. ಆದರೂ ಯೋಗಕ್ಕಿಂತ ರೂಢಿಯು ಬಲವತ್ತರವೆಂಬ ನ್ಯಾಯದಿಂದ ‘ಸಮ್ಮಿಲನ’ವನ್ನೇ ಇಲ್ಲಿ ಉಳಿಸಿಕೊಂಡಿದೆ. ಇದಕ್ಕೆ ಪ್ರತಿಯಾದ ‘ವಿದಳನ’ವು ಬಹಳ ಒಳ್ಳೆಯ ಮಾತು, ಬೇಳೆ ಒಡೆಯುವುದನ್ನು ಕಂಡವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಬ್ದದಲ್ಲಿ ಇರುವ ದೋಷ ಅಲ್ಪ. ಅಲಂಕಾರದಲ್ಲಿ ಇರುವುದು ಅಧಿಕ. ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ಸಮ್ಮಿಲನಯಂತ್ರವನ್ನು ‘ಕೃತಕ ಸೂರ್ಯ’ನೆಂದು ಕರೆಯುವುದು ವಾಡಿಕೆಯಾಗಿಬಿಟ್ಟಿದೆ. ಆಲಂಕಾರಿಕರ ಮತದಲ್ಲಿ ಇದು ರೂಪಕ. ಉಪಮೇಯಕ್ಕೂ ಉಪಮಾನಕ್ಕೂ ಅಭೇದವನ್ನು ಆರೋಪಿಸಿದೆ. ಆರೋಪಕ್ಕೆ ಆಧಾರವಾದ ಸಾಧಾರಣಧರ್ಮ ಯಾವುದೆಂದು ಕೇಳಿದರೆ, ಹಗುರವಾದ ಬೀಜಗಳ ಕೂಡುವಿಕೆ ಎಂಬ ಒಂದೇ ಉತ್ತರ ದೊರೆಯುತ್ತದೆ. ಉಳಿದುದೆಲ್ಲ ವೈಧರ್ಮ್ಯವೇ. ಸೂರ್ಯನ ಗರ್ಭದ ಉಷ್ಣತೆ ಸುಮಾರು ಒಂದೂವರೆ ಕೋಟಿ ಡಿಗ್ರಿ. ಯಂತ್ರದಲ್ಲಿ ಬೇಕಾದುದು ಹದಿನೈದು ಕೋಟಿ. ಸೂರ್ಯನಲ್ಲಿ ಉರಿಯುವುದು ಸಾಮಾನ್ಯ ಜಲಜನಕ. ಆ ಕ್ರಿಯೆ ಎಷ್ಟು ಮಂದವೆಂದರೆ ಅವನ ಗರ್ಭದ ಒಂದು ಘನ ಮೀಟರಿನಲ್ಲಿ ಹುಟ್ಟುವ ಉಷ್ಣವು ಮುನ್ನೂರು ವ್ಯಾಟ್‌ಗಿಂತಲೂ ಕಡಿಮೆ. ಅಷ್ಟೇ ಗಾತ್ರಕ್ಕೆ ಲೆಕ್ಕ ಹಾಕಿದರೆ ಜೀವಂತವಾದ ಮನುಷ್ಯದೇಹದಲ್ಲಿ ಹುಟ್ಟುವುದು ಅದಕ್ಕಿಂತ ಹೆಚ್ಚು! ಸೂರ್ಯನು ಪ್ರಚಂಡನಾದುದು ಅವನ ಉರಿಯ ತೀಕ್ಷ್ಣತೆಯಿಂದಲ್ಲ, ಗಾತ್ರದಿಂದ. ಅವನನ್ನು ಹಿಡಿದಿಟ್ಟಿರುವುದು ಅವನದೇ ಭಾರ. ಭೂಮಿಯ ಯಂತ್ರಕ್ಕೆ ಗಾತ್ರವೂ ಇಲ್ಲ, ಭಾರವೂ ಇಲ್ಲ. ಉರಿಯುವ ಪ್ಲಾಸ್ಮಾವನ್ನು ಅಯಸ್ಕಾಂತದ ಬಲೆಯಲ್ಲಿ ತೂಗಿಡಬೇಕು. ಆದುದರಿಂದ ಸೂರ್ಯನಲ್ಲಿ ಸಾಧ್ಯವಾದುದು ಇಲ್ಲಿಯೂ ಸಾಧ್ಯವೆಂಬ ಭರವಸೆಯನ್ನು ಈ ರೂಪಕದಿಂದ ಹೊರಡಿಸುವುದು ಕಾವ್ಯದಲ್ಲಿ ಗುಣವಾದೀತು, ಆಯವ್ಯಯಪತ್ರದಲ್ಲಿ ದೋಷವೇ ಸರಿ. ಯಂತ್ರಶಿಲ್ಪಿಗಳ ನಿಜವಾದ ಸಾಹಸವನ್ನು ಕೂಡ ಅದು ಮುಚ್ಚಿಬಿಡುತ್ತದೆ. ಅವರು ಮಾಡಹೊರಟಿರುವುದು ಸೂರ್ಯನು ಮಾಡದ ಕೆಲಸವನ್ನು.

ಗಾಂಧಿನಗರದ ಪ್ಲಾಸ್ಮಾ ಸಂಶೋಧನ ಸಂಸ್ಥೆಯು ತನ್ನ ಮೊದಲನೆಯ ಯಂತ್ರಕ್ಕೆ ‘ಆದಿತ್ಯ’ ಎಂದು ಹೆಸರಿಟ್ಟಿತು (೧೯೮೯). ಇದು ರೂಪಕವಾದರೂ ಸಹ್ಯ. ಹೆಸರಿನಿಂದ ಯಾರೂ ವಿದ್ಯುತ್ತನ್ನು ನಿರೀಕ್ಷಿಸಲಿಲ್ಲ. ಅದಿತಿಯ ಮಕ್ಕಳು ಹನ್ನೆರಡು ಮಂದಿಯಾದುದರಿಂದ ಮುಂದಿನ ಯಂತ್ರಗಳಿಗೆ ಹೆಸರಿನ ದಾರಿದ್ರ್ಯವೂ ಇರಲಿಲ್ಲ. ಎರಡನೆಯ ಯಂತ್ರಕ್ಕೆ ಆಂಗ್ಲ ಅಕ್ಷರಗಳ ‘ಎಸ್.ಎಸ್.ಟಿ. ೧’ ಎಂಬ ಗುರುತು ಬಂದುದು ಏಕೋ ತಿಳಿಯದು.

ಶ್ಲೇಷದಿಂದ ಆಗುವ ವಂಚನೆ ರೂಪಕದಿಂದ ಆಗುವುದಕ್ಕಿಂತ ಸೂಕ್ಷ್ಮವಾದುದು. ಫ್ರಾನ್ಸಿನ ದಕ್ಷಿಣಭಾಗದ ಕಾದರಾಶ್‌ನಲ್ಲಿ ಏಳು ಸದಸ್ಯರು ಸೇರಿ ಕಟ್ಟುತ್ತಿರುವ ಇಟರ್ ಯಂತ್ರವು ಐವತ್ತು ಮೆಗಾವ್ಯಾಟ್ ಪಡೆದು ಐನೂರು ಮೆಗಾವ್ಯಾಟ್ ಕೊಡುವುದೆಂದು ಹೇಳುತ್ತಾರೆ. ಓದುವವನು ಹತ್ತರಷ್ಟು ಲಾಭವೆಂದು ಗ್ರಹಿಸುತ್ತಾನೆ. ಆದರೆ ಆ ಐವತ್ತು ಪ್ಲಾಸ್ಮಾದ ಒಳಗೆ ಸೇರುವ ಉಷ್ಣ ಮಾತ್ರ. ಆ ಉಷ್ಣವನ್ನು ಹುಟ್ಟಿಸುವ ಯಂತ್ರಗಳೂ ಅಯಸ್ಕಾಂತಗಳನ್ನು ಅತಿಶೀತದಲ್ಲಿಡುವ ಯಂತ್ರಗಳೂ ಹೀರುವ ವಿದ್ಯುತ್ತು ಅದರಲ್ಲಿ ಸೇರಿಲ್ಲ. ಐನೂರು ಎಂಬುದೂ ಉಷ್ಣವೇ ಹೊರತು ವಿದ್ಯುತ್ತಲ್ಲ. ಇಟರ್ ವಿದ್ಯುತ್ತನ್ನು ಉತ್ಪಾದಿಸುವುದಕ್ಕೆ ಕಟ್ಟಿದ ಯಂತ್ರವೇ ಅಲ್ಲ. ಅಮೇರಿಕೆಯ ಲಿವರ್‌ಮೋರ್ ಪ್ರಯೋಗಶಾಲೆಯಲ್ಲಿ ೨೦೨೨ನೆಯ ಡಿಸೆಂಬರ್ ೫ರಂದು ನಡೆದ ಪ್ರಯೋಗದಲ್ಲಿಯೂ ಹೀಗೆಯೇ. ಲೇಸರ್ ಕಿರಣದ ಮೂಲಕ ೨.೦೫ ಮೆಗಾಜೂಲ್ ಒಳಗೆ ಹೋಗಿ ೩.೧೫ ಮೆಗಾಜೂಲ್ ಹೊರಬಂದಿತು. ಇದು ಮಹತ್ತಾದ ಸಿದ್ಧಿ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಕಿರಣವನ್ನು ಹುಟ್ಟಿಸಲು ತೆಗೆದುಕೊಂಡ ವಿದ್ಯುತ್ತು ಸುಮಾರು ೩೦೦ ಮೆಗಾಜೂಲ್. ‘ಕೊಟ್ಟದ್ದಕ್ಕಿಂತ ಹೆಚ್ಚು ಬಂತು’ ಎಂಬ ವಾಕ್ಯದಲ್ಲಿ ‘ಕೊಟ್ಟದ್ದು’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ವಿಜ್ಞಾನಿಯು ಒಂದನ್ನು ಹೇಳುತ್ತಾನೆ. ಪ್ರಜೆಯು ಮತ್ತೊಂದನ್ನು ಕೇಳುತ್ತಾನೆ.

ಮೂರನೆಯ ವಾಕ್ಯವೊಂದುಂಟು: ಇಂಧನವು ಸಮುದ್ರದ ನೀರಿನಲ್ಲಿ ಅಕ್ಷಯವಾಗಿದೆಯೆಂಬುದು. ಡ್ಯೂಟೀರಿಯಮ್ಮಿನ ವಿಷಯದಲ್ಲಿ ಇದು ಸತ್ಯ. ಒಂದು ಘನ ಮೀಟರ್ ಕಡಲನೀರಿನಲ್ಲಿ ಅದು ಸುಮಾರು ೩೩ ಗ್ರಾಂ ಇದೆ. ಟ್ರಿಷಿಯಮ್ಮಿನ ವಿಷಯದಲ್ಲಿ ಸತ್ಯವಲ್ಲ. ಹನ್ನೆರಡು ವರ್ಷ ಚಿಲ್ಲರೆಯಲ್ಲಿ ಅರ್ಧವಾಗಿ ಕ್ಷಯಿಸುವ ಆ ವಸ್ತುವು ನಿಸರ್ಗದಲ್ಲಿ ಸಂಗ್ರಹವಾಗಿ ದೊರೆಯದು. ಭಾರಜಲದ ವಿದಳನಸ್ಥಾವರಗಳಲ್ಲಿ ಉಪಫಲವಾಗಿ ಅದು ಹುಟ್ಟುತ್ತದೆ. ಉತ್ತರ ಕನ್ನಡದ ಕೈಗಾದ ಸ್ಥಾವರಗಳು ಈ ಜಾತಿಯವೇ. ಸಾವಿರ ಮೆಗಾವ್ಯಾಟ್ ಸಮ್ಮಿಲನೋಷ್ಣವನ್ನು ಒಂದು ವರ್ಷ ಪಡೆಯಲು ಸುಮಾರು ೫೬ ಕಿಲೋಗ್ರಾಂ ಟ್ರಿಷಿಯಮ್ ಬೇಕು. ಲೋಕದ ನಾಗರಿಕ ಸಂಗ್ರಹವೆಲ್ಲ ಸೇರಿದರೂ ಒಂದೇ ಯಂತ್ರವನ್ನು ಒಂದು ವರ್ಷ ನಡೆಸಲು ಸಾಲದು. ಆದುದರಿಂದ ಯಂತ್ರವು ತನ್ನ ಸುತ್ತಲಿನ ಲಿಥಿಯಮ್ ಹೊದಿಕೆಯಲ್ಲಿ ತನಗೆ ಬೇಕಾದ ಟ್ರಿಷಿಯಮ್ಮನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಬೇಕಾದಷ್ಟು ಪ್ರಮಾಣದಲ್ಲಿ ಇದನ್ನು ಮಾಡಿ ತೋರಿಸಿದವರು ಇನ್ನೂ ಯಾರೂ ಇಲ್ಲ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದ ಬಳಿ ೧,೬೦೦ ಟನ್ ಲಿಥಿಯಮ್ ಇರಬಹುದೆಂಬ ಅಂದಾಜು ಪ್ರಕಟವಾದಾಗ ಅದು ಮೋಟಾರುಗಾಡಿಗಳ ಬ್ಯಾಟರಿಗೆಂದು ಎಲ್ಲರೂ ಬರೆದರು. ಸಮ್ಮಿಲನದ ಇಂಧನಕ್ಕೂ ಅದು ಮೂಲವಸ್ತುವೆಂಬುದನ್ನು ನೆನೆದವರು ವಿರಳ.

ಅಲಂಕಾರದ ಪರೀಕ್ಷೆ ಇಷ್ಟು ಸಾಕು. ವಾದದ ಪ್ರಾಣವಿರುವುದು ಫಲಕಾಲದ ಪ್ರತಿಜ್ಞೆಯಲ್ಲಿ. ಇದಕ್ಕೆ ಕನ್ನಡನಾಡಿನ ನೆಲದಲ್ಲಿಯೇ ಹುಟ್ಟಿದ ಒಂದು ಲೇಖವನ್ನು ಮೊದಲು ನೋಡಬೇಕು.

ಹೋಮಿ ಭಾಭಾ ಅವರು ೧೯೩೯ರಿಂದ ೧೯೪೫ರ ವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅಲ್ಲಿರುವಾಗ ೧೯೪೪ನೆಯ ಮಾರ್ಚ್ ತಿಂಗಳಿನಲ್ಲಿ ಟಾಟಾ ಧರ್ಮನಿಧಿಯವರಿಗೆ ಪತ್ರ ಬರೆದು ಮೂಲಭೂತ ಸಂಶೋಧನೆಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಲು ಹಣವನ್ನು ಬೇಡಿದರು. ಹಿರೋಷಿಮಾದ ಹೆಸರನ್ನು ಲೋಕವು ಇನ್ನೂ ಕೇಳಿರಲಿಲ್ಲ. ಪರಮಾಣುಶಕ್ತಿಯಿಂದ ವಿದ್ಯುತ್ತು ಎರಡು ದಶಕಗಳಲ್ಲಿ ಬರಬಹುದೆಂದು ಆ ಪತ್ರದಲ್ಲಿ ಅವರು ಊಹಿಸಿದ್ದುಂಟು. ಆದರೆ ಆ ವಿದ್ಯುತ್ತನ್ನು ತಾವು ಕೊಡುವೆನೆಂದು ಹೇಳಲಿಲ್ಲ. ಅದು ಬರುವ ಕಾಲಕ್ಕೆ ಭಾರತವು ತಜ್ಞರಿಗಾಗಿ ಹೊರದೇಶಗಳ ಕಡೆಗೆ ನೋಡಬೇಕಾಗದು, ಅವರು ಇಲ್ಲಿಯೇ ಸಿದ್ಧರಾಗಿರುವರು ಎಂಬಷ್ಟೇ ಅವರ ಪ್ರತಿಜ್ಞೆ. ಸಂಸ್ಥೆಯು ೧೯೪೫ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಹೋಯಿತು. ತಾರಾಪುರದ ಸ್ಥಾವರ ವಿದ್ಯುತ್ತು ಕೊಟ್ಟುದು ೧೯೬೯ರಲ್ಲಿ; ಆ ಹೊತ್ತಿಗೆ ಭಾರತೀಯ ತಜ್ಞರ ಒಂದು ಪೀಳಿಗೆಯೇ ಸಿದ್ಧವಾಗಿತ್ತು. ಪ್ರತಿಜ್ಞೆ ಸಫಲವಾಯಿತು.

ಅದೇ ಭಾಭಾ ಅವರು ೧೯೫೫ನೆಯ ಆಗಸ್ಟಿನಲ್ಲಿ ಜಿನೀವಾದ ಅಂತರರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷಪೀಠದಿಂದ ಸಮ್ಮಿಲನಶಕ್ತಿಯನ್ನು ಅಂಕೆಯಲ್ಲಿಟ್ಟು ಬಿಡುಗಡೆ ಮಾಡುವ ಉಪಾಯವು ಎರಡು ದಶಕಗಳೊಳಗೆ ದೊರೆಯುವುದೆಂದು ನುಡಿದರು. ೧೯೭೫ ಬಂದು ಹೋಯಿತು. ಈಗ ಏಳು ದಶಕಗಳು ಮುಗಿದಿವೆ.

ಒಬ್ಬನೇ ಕರ್ತೃವಿನ ಈ ಎರಡು ವಾಕ್ಯಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಭೇದವು ತಾನೇ ಹೊಳೆಯುತ್ತದೆ. ಮೊದಲನೆಯದರಲ್ಲಿ ಫಲವು ಮನುಷ್ಯರು. ಎರಡನೆಯದರಲ್ಲಿ ಫಲವು ವಸ್ತು. ತರಬೇತಿ ಹೊಂದಿದ ಮನುಷ್ಯರನ್ನು ಹಣದಿಂದಲೂ ಕಾಲದಿಂದಲೂ ಸಿದ್ಧಪಡಿಸಬಹುದು. ಪ್ರಕೃತಿಯು ಇನ್ನೂ ತೋರಿಸದ ರಹಸ್ಯವನ್ನು ಇಂಥ ವರ್ಷದಲ್ಲಿ ತೋರಿಸೆಂದು ಆಜ್ಞಾಪಿಸಲಾಗದು. ಯಾಚಕನಾಗಿ ಬರೆದ ಭಾಭಾ ಅವರು ಅಧ್ಯಕ್ಷರಾಗಿ ನುಡಿದ ಭಾಭಾ ಅವರಿಗಿಂತ ಹೆಚ್ಚು ಜಾಗರೂಕರಾಗಿದ್ದರೆಂಬುದು ಸ್ವಾರಸ್ಯವಾದ ವಿಷಯ. ಸಾಮಾನ್ಯವಾಗಿ ಇದು ತಿರುವುಮುರುವಾಗಿರುತ್ತದೆ.

ಜಿನೀವಾದ ಮಾತಿಗೆ ಮುಂಚೆಯೂ ಆಮೇಲೆಯೂ ಇದಕ್ಕಿಂತ ದುಡುಕಿನ ಘೋಷಣೆಗಳು ನಡೆದಿವೆ. ಅರ್ಜೆಂಟೈನಾದ ಅಧ್ಯಕ್ಷ ಪೆರೋನನು ರಿಕ್ಟರ್ ಎಂಬ ವಿಜ್ಞಾನಿಯ ಮಾತನ್ನು ನಂಬಿ ಒಂದು ದ್ವೀಪವನ್ನೇ ಅವನಿಗೆ ಒಪ್ಪಿಸಿ, ಸಮ್ಮಿಲನವು ಸಿದ್ಧಿಸಿತೆಂದು ೧೯೫೧ನೆಯ ಮಾರ್ಚ್‌ನಲ್ಲಿ ಸಾರಿದನು; ಮರುವರ್ಷದ ಪರೀಕ್ಷೆಯಲ್ಲಿ ಅದೆಲ್ಲ ಸುಳ್ಳೆಂದು ತಿಳಿಯಿತು. ಬ್ರಿಟನ್ನಿನ ಝೀಟಾ ಯಂತ್ರದವರು ೧೯೫೮ರ ಜನವರಿಯಲ್ಲಿ ಜಯಘೋಷ ಮಾಡಿ ಅದೇ ಮೇ ತಿಂಗಳಲ್ಲಿ ಹಿಂದೆಗೆದುಕೊಂಡರು. ಹಿಂದೆಗೆದುಕೊಂಡುದು ಅವರಿಗೆ ಭೂಷಣ. ರಷ್ಯದವರ ಟೋಕಮಾಕ್ ಯಂತ್ರದ ಸಿದ್ಧಿಯನ್ನು ೧೯೬೮ರಲ್ಲಿ ಲೋಕವು ನಂಬದಿದ್ದಾಗ, ಬ್ರಿಟಿಷ್ ವಿಜ್ಞಾನಿಗಳೇ ಮರುವರ್ಷ ಮಾಸ್ಕೋಗೆ ತಮ್ಮ ಉಪಕರಣವನ್ನು ಹೊತ್ತುಕೊಂಡು ಹೋಗಿ ಅಳೆದು ನಿಜವೆಂದರು. ಶಾಸ್ತ್ರಾರ್ಥದಲ್ಲಿ ಪ್ರತಿಪಕ್ಷದವನ ಸಮ್ಮತಿಗಿಂತ ದೊಡ್ಡ ಪ್ರಮಾಣವಿಲ್ಲ.

ಫಲವಿಳಂಬದ ಪ್ರಶ್ನೆಯನ್ನು ಭಾರತೀಯ ಶಾಸ್ತ್ರಗಳಲ್ಲಿ ಸೂಕ್ಷ್ಮವಾಗಿ ವಿಚಾರಿಸಿದವರು ಮೀಮಾಂಸಕರು. ಯಾಗವು ಈ ದಿನ ಮುಗಿಯುತ್ತದೆ. ಫಲವು ಎಂದೋ ಬರುತ್ತದೆ. ನಡುವಣ ಅಂತರವನ್ನು ತುಂಬಲು ಅವರು ‘ಅಪೂರ್ವ’ವೆಂಬ ಕಣ್ಣಿಗೆ ಕಾಣದ ಸಂಸ್ಕಾರವನ್ನು ಕಲ್ಪಿಸಿದರು. ಫಲಕಾಲವು ಎಲ್ಲ ಯಾಗಗಳಿಗೂ ಒಂದೇ ಎಂದು ಅವರು ಹೇಳಲಿಲ್ಲ ಎಂಬುದು ಇಲ್ಲಿ ಮುಖ್ಯ. ಮಳೆಗಾಗಿ ಮಾಡುವ ಕಾರೀರೀಷ್ಟಿಯ ಫಲವು ಇಲ್ಲಿಯೇ, ಆ ಋತುವಿನಲ್ಲಿಯೇ ಕಾಣಬೇಕು. ಒಣಗುತ್ತಿರುವ ಪೈರಿಗೆ ಮುಂದಿನ ಜನ್ಮದ ಮಳೆಯಿಂದ ಪ್ರಯೋಜನವಿಲ್ಲ. ಪಶುಸಂಪತ್ತಿಗಾಗಿ ಮಾಡುವ ಚಿತ್ರಾಯಾಗದ ಫಲವು ಇಲ್ಲಿ ಬರಲೂ ಬಹುದು, ಬಾರದಿರಲೂ ಬಹುದು, ಅದು ಅನಿಯತ. ಜ್ಯೋತಿಷ್ಟೋಮದ ಫಲವು ಸ್ವರ್ಗವಾದುದರಿಂದ ಅದನ್ನು ಇಹದಲ್ಲಿ ಹುಡುಕುವ ಮಾತೇ ಇಲ್ಲ.

ರಾಜದ್ರವ್ಯದಿಂದ ನಡೆಯುವ ಕಾರ್ಯಗಳನ್ನೂ ಈ ಮೂರು ಬಗೆಯಾಗಿ ವಿಂಗಡಿಸಬಹುದು. ಮೈಸೂರು ಸಂಸ್ಥಾನದ ಶಿವನಸಮುದ್ರದ ವಿದ್ಯುದ್ಯೋಜನೆ ಕಾರೀರಿಯ ಜಾತಿಯದು. ದಿವಾನ್ ಶೇಷಾದ್ರಿ ಅಯ್ಯರ್ ಅವರು ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಹುಟ್ಟಿಸಿ ೯೨ ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಲು ಸರಕಾರದ ಹಣವನ್ನು ತೊಡಗಿಸಿದರು. ಅಷ್ಟು ದೂರ ವಿದ್ಯುತ್ತನ್ನು ಒಯ್ಯುವುದು ಆ ಕಾಲಕ್ಕೆ ಸಾಹಸವಾಗಿತ್ತು. ಆದರೆ ವಿದ್ಯೆಯು ಗೊತ್ತಿತ್ತು, ಕೊಳ್ಳುವ ಗಣಿಕಂಪನಿಗಳು ಒಪ್ಪಿದ್ದವು, ಫಲವು ನಿಗದಿಯಾಗಿತ್ತು. ಅಯ್ಯರ್ ಅವರು ೧೯೦೧ರಲ್ಲಿ ತೀರಿಕೊಂಡರು. ೧೯೦೨ರಲ್ಲಿ ವಿದ್ಯುತ್ತು ಕೋಲಾರವನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಕರ್ತೃವಿಗೆ ಕಾಣದಿದ್ದರೂ ಆ ತಲೆಮಾರಿನ ಪ್ರಜೆಗಳಿಗೆ ಫಲವು ಕಂಡಿತು.

ಅದೇ ಸಂಸ್ಥಾನವು ಅದೇ ಕಾಲದಲ್ಲಿ ಚಿತ್ರಾಯಾಗವನ್ನೂ ಮಾಡಿತು. ಜಮಶೇಟಜಿ ಟಾಟಾ ಅವರ ವಿಜ್ಞಾನ ಸಂಸ್ಥೆಗೆ ೩೭೧ ಎಕರೆ ಭೂಮಿಯನ್ನೂ ವರ್ಷಕ್ಕೆ ೫೦,೦೦೦ ರೂಪಾಯಿಗಳನ್ನೂ ಕೊಡಲು ಅದು ಒಪ್ಪಿತು. ಆ ಭೂಮಿಯಿಂದ ಯಾವ ವರ್ಷ ಯಾವ ಫಲ ಬರುವುದೆಂದು ಯಾರೂ ಬರೆದುಕೊಟ್ಟಂತೆ ಇಲ್ಲ. ೧೯೦೯ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ಒಂದು ಕೊಠಡಿಯಿಂದ ಮೂವತ್ತೈದು ವರ್ಷಗಳ ತರುವಾಯ ಭಾಭಾ ಅವರ ಪತ್ರ ಹೊರಟಿತು. ಇಂಥ ಫಲವನ್ನು ಮೊದಲೇ ಹೇಳುವುದು ಸಾಧ್ಯವಿಲ್ಲ. ಆಮೇಲೆ ಅಲ್ಲಗಳೆಯುವುದೂ ಸಾಧ್ಯವಿಲ್ಲ.

ಸಮ್ಮಿಲನಸಂಶೋಧನೆಯು ಚಿತ್ರಾಯಾಗವಾಗಿದ್ದು, ಅದಕ್ಕೆ ಕಾರೀರಿಯ ಫಲಶ್ರುತಿಯನ್ನು ಹಚ್ಚಿರುವುದೇ ಇಲ್ಲಿಯ ಮೂಲದೋಷ. ಇಟರ್ ಯಂತ್ರದಲ್ಲಿ ಮೊದಲ ಪ್ಲಾಸ್ಮಾ ೨೦೧೬ರಲ್ಲಿ ಎಂದರು, ಆಮೇಲೆ ೨೦೧೯, ಅನಂತರ ೨೦೨೫. ೨೦೨೪ನೆಯ ಜುಲೈಯಲ್ಲಿ ಮಂಡಿಸಿದ ಹೊಸ ಕ್ರಮದ ಪ್ರಕಾರ ಸಂಶೋಧನೆ ಮೊದಲಾಗುವುದು ೨೦೩೪ರಲ್ಲಿ, ನಿಜವಾದ ಇಂಧನದ ಪ್ರಯೋಗ ೨೦೩೯ರಲ್ಲಿ. ಖರ್ಚು ಇನ್ನೂ ಐದು ನೂರು ಕೋಟಿ ಯೂರೋ ಅಧಿಕ. ಪ್ರತಿ ಸಲವೂ ಕಾರಣಗಳು ಯುಕ್ತವಾಗಿಯೇ ಇದ್ದವು. ಆದರೂ ಮಳೆಯ ದಿನವನ್ನು ಮತ್ತೆ ಮತ್ತೆ ಮುಂದೂಡಿದ ಪುರೋಹಿತನನ್ನು ಊರವರು ಏನೆಂದು ತಿಳಿದಾರು? ಮಂತ್ರ ಸುಳ್ಳೆಂದು ತಿಳಿಯುತ್ತಾರೆ. ಮಂತ್ರ ಸುಳ್ಳಲ್ಲ. ಆಕ್ಸ್‌ಫರ್ಡಿನ ಬಳಿಯ ಜೆಟ್ ಯಂತ್ರವು ೧೯೯೭ರಲ್ಲಿ ೨೪ ಮೆಗಾವ್ಯಾಟ್ ಪಡೆದು ೧೬ ಕೊಟ್ಟಿತು. ೨೦೨೩ರ ತನ್ನ ಕೊನೆಯ ಪ್ರಯೋಗಗಳಲ್ಲಿ ಒಂದು ಮಿಲಿಗ್ರಾಮಿನ ಐದನೆಯ ಒಂದಂಶದಷ್ಟು ಇಂಧನದಿಂದ ೬೯ ಮೆಗಾಜೂಲ್ ಪಡೆಯಿತು. ಚೀನದ ಯಂತ್ರವು ೨೦೨೫ನೆಯ ಜನವರಿಯಲ್ಲಿ ೧,೦೬೬ ಸೆಕೆಂಡು, ಮರುತಿಂಗಳು ಫ್ರಾನ್ಸಿನ ಯಂತ್ರವು ೧,೩೩೭ ಸೆಕೆಂಡು ಪ್ಲಾಸ್ಮಾವನ್ನು ಹಿಡಿದಿಟ್ಟವು. ಮೆಲ್ಲಗೆ ಆದರೂ ವಿದ್ಯೆ ಬೆಳೆಯುತ್ತಿದೆ. ಹುಸಿಯಾದುದು ಪಂಚಾಂಗ.

ಪೂರ್ವಪಕ್ಷವನ್ನು ಅದರ ಪೂರ್ಣಬಲದಿಂದಲೇ ಇಡತಕ್ಕದ್ದು. ಗುಡಗೇರಿಯ ರೈತನು ಬೆಂಕಿಪೆಟ್ಟಿಗೆ ಕೊಂಡರೂ ಸರಕಾರಕ್ಕೆ ತೆರಿಗೆ ಸಲ್ಲುತ್ತದೆ. ಮಳೆ ಕೈಕೊಟ್ಟರೆ ಅವನ ಜೋಳವೂ ಹತ್ತಿಯೂ ಮೆಣಸಿನಕಾಯಿಯೂ ಅದೇ ವರ್ಷ ಹೋಗುತ್ತವೆ. ಅವನಿಗೆ ಬೇಕಾದುದು ಈ ವರ್ಷದ ನೀರು, ಈ ವರ್ಷದ ವಿದ್ಯುತ್ತು. ಅವನ ಮೊಮ್ಮಗನಿಗೆ ಸಿಗಬಹುದಾದ ಶಕ್ತಿಗಾಗಿ ಅವನಿಂದ ಹಣ ತೆಗೆದುಕೊಳ್ಳಲು ಅಧಿಕಾರವೇನು? ಇದಲ್ಲದೆ ಕೃತಕ ಸೂರ್ಯನನ್ನು ಹುಡುಕುವಾಗ ಇರುವ ಸೂರ್ಯನು ಸುಮ್ಮನೆ ಕುಳಿತಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಹದಿಮೂರು ಸಾವಿರ ಎಕರೆ ಬೆಂಗಾಡಿನಲ್ಲಿ ಫಲಕಗಳನ್ನು ಹಾಸಿ ೨,೦೫೦ ಮೆಗಾವ್ಯಾಟ್ ಸಾಮರ್ಥ್ಯದ ಸೌರಸ್ಥಾವರವನ್ನು ನಿಲ್ಲಿಸಿದೆ. ಆ ರೈತರು ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು; ವರ್ಷವರ್ಷವೂ ಬಾಡಿಗೆ ಬರುತ್ತದೆ. ಕಾರೀರಿಯು ಕಣ್ಣೆದುರಿಗೆ ಫಲಿಸುತ್ತಿರುವಾಗ ಚಿತ್ರಾಯಾಗದ ಹಂಬಲವೇಕೆ?

ಇದಕ್ಕೆ ಎರಡು ಬಗೆಯ ಸಮಾಧಾನಗಳುಂಟು. ಸಾಮಾನ್ಯವಾಗಿ ಹೇಳುವುದು, ಸೂರ್ಯನು ರಾತ್ರಿ ಇರುವುದಿಲ್ಲ, ಸಮ್ಮಿಲನಯಂತ್ರವು ಹಗಲಿರುಳೂ ನಡೆಯುವುದು ಎಂದು. ಈ ಸಮಾಧಾನ ದುರ್ಬಲವಾದುದು. ಇನ್ನೂ ಹುಟ್ಟದ ಯಂತ್ರವು ಹಗಲಿರುಳೂ ನಡೆಯುವುದೆಂಬುದು ಹುಟ್ಟದ ಮಗನ ದೀರ್ಘಾಯುಸ್ಸಿನ ವರ್ಣನೆಯಂತೆ. ಮತ್ತೊಂದು ಸಮಾಧಾನ ಬಲವಾದುದು. ವಿದ್ಯುತ್ತನ್ನು ಅದು ಅವಲಂಬಿಸಿಲ್ಲ. ಇಟರ್ ಒಪ್ಪಂದದಲ್ಲಿ ಭಾರತದ ಪಾಲು ಹನ್ನೊಂದರಲ್ಲಿ ಒಂದು, ಯುರೋಪಿನದು ಐದು, ಉಳಿದ ಐವರದು ಒಂದೊಂದು. ಭಾರತವು ತನ್ನ ಪಾಲಿನ ಬಹುಭಾಗವನ್ನು ನಾಣ್ಯವಾಗಿ ಕೊಡದೆ ಇಲ್ಲಿಯೇ ಮಾಡಿದ ಸಾಮಾನುಗಳಾಗಿ ಕೊಡುತ್ತದೆ. ಸೂರತ್ ಬಳಿಯ ಹಜೀರಾದಲ್ಲಿ ಲಾರ್ಸೆನ್ ಎಂಡ್ ಟುಬ್ರೊ ಕಾರ್ಖಾನೆಯವರು ಇಡೀ ಯಂತ್ರವನ್ನು ಒಳಗೊಳ್ಳುವ ಉಕ್ಕಿನ ಶೀತಪಾತ್ರೆಯನ್ನು ಮಾಡಿ ಹಡಗಿನಲ್ಲಿ ಕಳುಹಿಸಿದರು. ಅದರ ತೂಕ ೩,೮೫೦ ಟನ್. ಎತ್ತರವೂ ಅಗಲವೂ ಸುಮಾರು ಮೂವತ್ತು ಮೀಟರ್. ಅಷ್ಟು ದೊಡ್ಡ ಪಾತ್ರೆಯನ್ನು ನಿರ್ವಾತಕ್ಕೆ ತಕ್ಕಂತೆ ಬೆಸೆಯುವ ವಿದ್ಯೆಯು ಈಗ ಭಾರತದಲ್ಲಿ ಉಂಟು. ಒಟ್ಟು ಯೋಜನೆಯಲ್ಲಿ ಹುಟ್ಟುವ ಜ್ಞಾನದಲ್ಲಿಯೂ ಎಲ್ಲ ಸದಸ್ಯರಿಗೆ ಹಕ್ಕುಂಟು; ಹನ್ನೊಂದರಲ್ಲಿ ಒಂದು ಕೊಟ್ಟವರಿಗೆ ಹನ್ನೊಂದರ ವಿದ್ಯೆ. ೧೯೪೪ರ ಪತ್ರದ ಫಲವೂ ಇದೇ ಜಾತಿಯದು: ಮನುಷ್ಯರು, ವಿದ್ಯೆ. ಈ ಆಧಾರದ ಮೇಲೆ ಹಣ ಕೇಳಿದರೆ ರೈತನೆದುರಿಗೆ ಕಣ್ಣೆತ್ತಿ ಮಾತಾಡಬಹುದು. ಅವನು ಬೇಡವೆನ್ನಲೂ ಬಹುದು, ಆದರೆ ಮೋಸವಾಯಿತೆನ್ನಲಾರನು.

ರಾಜದ್ರವ್ಯವನ್ನೇ ಬೇಡವೆಂದ ಪಕ್ಷವೂ ಕನ್ನಡನಾಡಿನಲ್ಲಿತ್ತು. ಸಿ. ವಿ. ರಾಮನ್ನರು ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ತಮ್ಮ ಸಂಸ್ಥೆಯನ್ನು ಸರಕಾರದ ಹಣದಿಂದ ದೂರವಿಟ್ಟರು. ಹಣದ ಹಿಂದೆ ವರದಿಗಳೂ ಅಂಕೆಗಳೂ ಬರುವುವೆಂಬುದು ಅವರ ಮತ. ಅವರು ೧೯೭೦ರಲ್ಲಿ ತೀರಿಕೊಂಡ ಎರಡು ವರ್ಷಗಳಲ್ಲಿ ಸಂಸ್ಥೆಯು ಸರಕಾರದ ಸಹಾಯವನ್ನು ಸ್ವೀಕರಿಸಿತು. ಬೆಳಕನ್ನೂ ಹರಳುಗಳನ್ನೂ ಪರೀಕ್ಷಿಸಲು ಒಬ್ಬ ಮಹಾಪುರುಷನ ಸ್ವಾಭಿಮಾನವು ಸಾಕಾಗಬಹುದು. ಹದಿನೈದು ಕೋಟಿ ಡಿಗ್ರಿಯ ಪ್ಲಾಸ್ಮಾಕ್ಕೆ ಸಾಲದು. ಈಚೆಗೆ ಹೊರದೇಶಗಳಲ್ಲಿ ವರ್ತಕರು ಈ ಕಾರ್ಯಕ್ಕೆ ಹಣ ತೊಡಗಿಸುತ್ತಿರುವುದು ನಿಜ. ಅವರು ಮೆಟ್ಟಿ ನಡೆಯುವ ನೆಲವನ್ನು ಎಪ್ಪತ್ತು ವರ್ಷ ಹದ ಮಾಡಿದುದು ರಾಜದ್ರವ್ಯ.

ಕೊಟ್ಟುದನ್ನು ಪಾಲಿಸುವ ವಿಷಯವೊಂದು ಉಳಿಯಿತು. ತಾನೇ ದಾನ ಮಾಡುವುದಕ್ಕಿಂತ ಹಿಂದಿನವರ ದಾನವನ್ನು ಪಾಲಿಸುವುದು ದೊಡ್ಡದೆಂಬ ಭಾವ ಕನ್ನಡ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅಮೇರಿಕೆಯು ತೊಂಬತ್ತರ ದಶಕದ ಕೊನೆಯಲ್ಲಿ ಇಟರ್ ಯೋಜನೆಯಿಂದ ಹೊರಗೆ ಹೋಗಿ ೨೦೦೩ರಲ್ಲಿ ಮರಳಿ ಬಂದಿತು. ಆ ನಡುವಣ ವರ್ಷಗಳ ನಷ್ಟ ಎಲ್ಲರಿಗೂ ತಟ್ಟಿತು. ಭಾರತವು ೨೦೦೬ನೆಯ ನವೆಂಬರ್ ೨೧ರಂದು ಪ್ಯಾರಿಸ್ಸಿನಲ್ಲಿ ರುಜು ಹಾಕಿದ ಪಾಲನ್ನು ತಡಮಾಡದೆ ಸಲ್ಲಿಸುವುದೇ ಯುಕ್ತ. ಅರ್ಧದಲ್ಲಿ ಬಿಟ್ಟರೆ ಕೊಟ್ಟ ಹಣವೂ ಹೋಗುತ್ತದೆ, ವಿದ್ಯೆಯ ಹಕ್ಕೂ ಹೋಗುತ್ತದೆ.

ಸ್ವದೇಶದಲ್ಲಿ ಹೊಸದಾಗಿ ಕಟ್ಟಬೇಕೆಂದಿರುವ ಯಂತ್ರಗಳ ವಿಷಯ ಬೇರೆ. ಗಾಂಧಿನಗರದ ಸಂಶೋಧಕರು ೨೦೨೫ರಲ್ಲಿ ಮಂಡಿಸಿದ ಮಾರ್ಗದಲ್ಲಿ ನಡುವೆ ಒಂದು ಯಂತ್ರವನ್ನೂ, ೨೦೬೦ರ ಸುಮಾರಿಗೆ ವಿದ್ಯುತ್ತು ಕೊಡುವ ಇನ್ನೊಂದನ್ನೂ ಸೂಚಿಸಿದ್ದಾರೆ. ಮತ್ತೆ ಒಂದು ವರ್ಷ! ಇವರ ‘ಎಸ್.ಎಸ್.ಟಿ. ೧’ ಯಂತ್ರದ ಯೋಜನೆ ೧೯೯೪ರದು. ಪ್ಲಾಸ್ಮಾ ಕಂಡುದು ೨೦೧೩ರಲ್ಲಿ. ಸಾವಿರ ಸೆಕೆಂಡು ಹಿಡಿಯಬೇಕೆಂದು ರಚಿಸಿದ ಅದರಲ್ಲಿ ೨೦೨೫ರ ವರದಿಗಳ ಪ್ರಕಾರ ಪ್ಲಾಸ್ಮಾ ನಿಂತುದು ಒಂದು ಸೆಕೆಂಡಿಗಿಂತ ಕಡಿಮೆ. ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಅತಿವಾಹಕ ಅಯಸ್ಕಾಂತಗಳ ಕೆಲಸವೇ ಅಷ್ಟು ಕಠಿಣ. ಆದರೆ ಎಲ್ಲಿ ತಡೆಯಿತು, ಏಕೆ ತಡೆಯಿತು, ಅದರಿಂದ ಏನು ಕಲಿತದ್ದಾಯಿತು ಎಂಬುದನ್ನು ಹಣ ಕೊಟ್ಟವರ ಭಾಷೆಗಳಲ್ಲಿ, ಕನ್ನಡದಲ್ಲಿಯೂ, ಮೊದಲು ಬರೆದು ಮುಗಿಸಿ ಆಮೇಲೆ ಮುಂದಿನ ಯಂತ್ರಕ್ಕೆ ಕೈಯೊಡ್ಡತಕ್ಕದ್ದು. ಆ ಬರಹದಲ್ಲಿ ಸೂರ್ಯನ ಹೆಸರು ಬಾರದಿದ್ದರೂ ನಡೆದೀತು. ಪ್ಲಾಸ್ಮಾಕ್ಕೆ ಎಷ್ಟು ಉಷ್ಣ ಹೋಯಿತು, ಕಟ್ಟಡದ ತಂತಿಯಿಂದ ಎಷ್ಟು ವಿದ್ಯುತ್ತು ಹೋಯಿತು ಎಂಬ ಎರಡು ಅಂಕೆಗಳು ಬೇರೆ ಬೇರೆಯಾಗಿ ಬರಬೇಕು. ಗುಡಿಗೆರೆಯ ಹೊಲವನ್ನು ಮುನ್ನೂರೈವತ್ತು ವರ್ಷಗಳ ಮೇಲೆ ಶ್ರೀನಂದಿಪಂಡಿತನು ಬಿಡಿಸಿಕೊಂಡುದು ತಾಮ್ರದ ಮೇಲೆ ಬರೆದುದು ಓದಲು ಬಂದುದರಿಂದ.